ಇಪ್ಪತ್ತೈದು ಎಣಿಸಿ, ಆಮೇಲೆ ಕೀ ತಿರುಗಿಸಿ

ಬೆಂಗಳೂರಿನಲ್ಲಿ ನನ್ನ ಕಾರಿಗೆ ಒಂದು ಬಟನ್ ಇದೆ. ಬ್ರೇಕ್ ತುಳಿದು ಅದನ್ನು ಒತ್ತಿದರೆ ಮುಗೀತು. ಎಂಜಿನ್ ಶುರುವಾಯ್ತೋ ಇಲ್ಲವೋ ಅಂತ ಮೀಟರ್ ನೋಡಿಯೇ ತಿಳ್ಕೋಬೇಕು, ಅಷ್ಟು ಮೆತ್ತಗಿನ ಸದ್ದು. ಊರಿನಲ್ಲಿರುವ ಅಪ್ಪಯ್ಯನ ಜೀಪಿಗೂ ಒಂದು ಬಟನ್ ಇದೆ. ಆದರೆ ಅದನ್ನು ಒತ್ತಿದರೆ ಜೀಪ್ ಸ್ಟಾರ್ಟ್ ಆಗಲ್ಲ. ಒತ್ತಿ ಹಿಡಿದುಕೊಂಡು ಇಪ್ಪತ್ತೈದರ ತನಕ ಎಣಿಸಬೇಕು. ಆಮೇಲಷ್ಟೇ ಕೀ ತಿರುಗಿಸುವ ಮಾತು.

ಈ ಇಪ್ಪತ್ತೈದು ಎಣಿಸುವುದನ್ನು ಕಲಿಯಲು ನನಗೆ ಮೂವತ್ತು ವರ್ಷ ಬೇಕಾಯಿತು. ಅದರ ಕಥೆ ಇದು.

ನಮ್ಮನೆ ಇರುವುದು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲೂಕಿನಲ್ಲಿ. ನಗರದಿಂದ ನಿಟ್ಟೂರಿನ ಕಡೆಗೆ ಹೋಗುವಾಗ ಟಾರ್ ರಸ್ತೆ ಬಿಟ್ಟು ಮೂರು ಕಿಲೋಮೀಟರ್ ಒಳಗೆ. ನಗರ ಅಂದರೆ ಸಿಟಿ ಅಲ್ಲ, ಊರಿನ ಹೆಸರೇ ನಗರ. ಕೆಳದಿ ಅರಸರ ಕಾಲದಲ್ಲಿ ಬಿದನೂರು ಎಂದು ಕರೆಸಿಕೊಂಡು ರಾಜಧಾನಿಯಾಗಿದ್ದ ಊರು. 1763ರಲ್ಲಿ ಹೈದರಾಲಿ ವಶಪಡಿಸಿಕೊಂಡ ಮೇಲೆ ಹೈದರನಗರವಾಗಿ, ಈಗ ಬರೀ ನಗರ. ಆಫೀಸಿನಲ್ಲಿ "ನಾಳೆ ನಗರಕ್ಕೆ ಹೋಗ್ತಿದೀನಿ" ಅಂದರೆ "ನೀನಿರೋದೇ ನಗರದಲ್ಲಲ್ವಾ?" ಅಂತ ಕೇಳುತ್ತಾರೆ.

ಆ ಮೂರು ಕಿಲೋಮೀಟರ್ ದಾರಿಯೇ ನಮ್ಮ ಸಮಸ್ಯೆ. ಮೊದಲು ಅಕೇಶಿಯಾ ಪ್ಲಾಂಟೇಶನ್ ನಡುವೆ ಕೆಂಪು ಮಣ್ಣಿನ ಇಳಿಜಾರು, ಆಮೇಲೆ ಹಳ್ಳಕ್ಕೆ ಅಡ್ಡ ಹಾಕಿದ ಒಂದು ತಗ್ಗು ಸಿಮೆಂಟ್ ಸಂಕ, ಅದು ದಾಟಿದರೆ ಜಂಬಿಟ್ಟಿಗೆ ಕಲ್ಲಿನ ಏರು, ಕೊನೆಗೆ ಅಡಿಕೆ ತೋಟದ ಪಕ್ಕದಲ್ಲಿ ಮನೆ. ಬೇಸಿಗೆಯಲ್ಲಿ ಯಾವ ಕಾರಾದರೂ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಬರುವುದು ಜೀಪ್ ಮಾತ್ರ. ಹುಲಿಕಲ್ ಘಾಟಿ ನಮ್ಮಿಂದ ದೂರವಿಲ್ಲ. ಕರ್ನಾಟಕದಲ್ಲಿ ಅತಿ ಹೆಚ್ಚು ಮಳೆ ಬೀಳುವ ಜಾಗಗಳ ಪಟ್ಟಿಯಲ್ಲಿ ಹುಲಿಕಲ್ ಹೆಸರು ನೀವೂ ಓದಿರ್ತೀರಿ. ಲಿಂಗನಮಕ್ಕಿ, ಚಕ್ರಾ, ಸಾವೆಹಕ್ಲು, ಮಾಣಿ ಅಂತ ಸುತ್ತಮುತ್ತ ಇಷ್ಟೊಂದು ಅಣೆಕಟ್ಟು ಕಟ್ಟಿದ್ದೇ ಆ ಮಳೆಯನ್ನು ನಂಬಿಕೊಂಡು.

ಜೀಪು ಮಹೀಂದ್ರಾ ಎಂಎಂ 540. ಅಪ್ಪಯ್ಯ ಅದನ್ನು ಸೆಕೆಂಡ್ ಹ್ಯಾಂಡ್ ತಗೊಂಡಾಗ ನಾನು ಇನ್ನೂ ಶಾಲೆಗೆ ಸೇರಿರಲಿಲ್ಲ. ಒಳಗಿರುವುದು ಫ್ರಾನ್ಸಿನ ಪ್ಯೂಜೋ ವಿನ್ಯಾಸದ 2112 ಸಿಸಿ ಡೀಸೆಲ್ ಎಂಜಿನ್. ಟರ್ಬೋ ಇಲ್ಲ, ಸೆನ್ಸರ್ ಇಲ್ಲ, ಕಂಪ್ಯೂಟರ್ ಇಲ್ಲ. ಪವರ್ ಸ್ಟೀರಿಂಗ್ ಅಂತೂ ಇಲ್ಲವೇ ಇಲ್ಲ. ಅಡಿಕೆ ಮೂಟೆ, ಗೊಬ್ಬರ, ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತದ ಚೀಲ, ಮದುವೆ ಮನೆಯ ಪಾತ್ರೆ, ಪಕ್ಕದ ಮನೆಯ ಬಾಣಂತಿ, ಎಲ್ಲವೂ ಅದರಲ್ಲೇ ಬಂದು ಹೋಗಿವೆ.

ಕಳೆದ ಮಾರ್ಚ್‌ನಲ್ಲಿ ಅಪ್ಪಯ್ಯನಿಗೆ ಸ್ಟೆಂಟ್ ಹಾಕಿದರು. "ಆ ಜೀಪಿನ ಸ್ಟೀರಿಂಗ್ ಹಿಡಿದು ಎಳೆದಾಡೋದು ಸದ್ಯಕ್ಕೆ ಬೇಡ" ಎಂದು ಡಾಕ್ಟರ್ ಹೇಳಿದರು. ಅದೇ ವಾರ ಆಫೀಸಿನ ಗೆಳೆಯನೊಬ್ಬ, ಹಳೇ ಜೀಪುಗಳ ಹುಚ್ಚಿನವನು, "ನಿಮ್ಮಪ್ಪ ಕೊಡ್ತಾರಾ?" ಅಂತ ಕೇಳಿ ಒಳ್ಳೆ ರೇಟನ್ನೇ ಹೇಳಿದ. ನನಗೆ ಸರಿ ಅನ್ನಿಸಿತು. ಜೀಪ್ ಮಾರಿ ಒಂದು ಆಟೊಮ್ಯಾಟಿಕ್ ಕಾರು ತಗೊಳ್ಳೋಣ ಅಂದೆ.

ಅಪ್ಪಯ್ಯ ಕೇಳಿದ್ದು ಒಂದೇ ಪ್ರಶ್ನೆ. "ಆ ಕಾರು ಜುಲೈಯಲ್ಲಿ ಮನೆ ತನಕ ಬರ್ತದಾ ಮಾರಾಯ?"

ಉತ್ತರ ನನ್ನ ಹತ್ತಿರ ಇರಲಿಲ್ಲ. ಮೇ ಮಧ್ಯದಲ್ಲಿ ಲ್ಯಾಪ್‌ಟಾಪ್ ತಗೊಂಡು ಊರಿಗೆ ಬಂದೆ. ಎರಡು ತಿಂಗಳು ಮನೆಯಿಂದಲೇ ಕೆಲಸ. ಬಿಡುವಿನಲ್ಲಿ ಜೀಪ್ ಕಲಿಯುವುದು ಅಂತ ಪ್ಲಾನ್.

ಮೊದಲ ಪಾಠ: ಕಾಯುವುದು

ಮೊದಲ ದಿನ ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪು. ಹತ್ತಿ ಕೂತೆ, ಕೀ ತಿರುಗಿಸಿದೆ. ಸ್ಟಾರ್ಟರ್ "ಗರ್ರ್ ಗರ್ರ್" ಅಂತ ತಿರುಗಿತು, ಎಂಜಿನ್ ಹಿಡಿಯಲಿಲ್ಲ. ಇನ್ನೂ ಜೋರಾಗಿ ಎಕ್ಸಿಲೇಟರ್ ತುಳಿದೆ. ಹಿಂದಿನಿಂದ ಬಿಳಿ ಹೊಗೆ ಬಂತು, ಅಷ್ಟೆ.

ಜಗಲಿಯಿಂದ ಅಪ್ಪಯ್ಯ ಕೂಗಿದರು. "ಹೀಟರ್! ಹೀಟರ್ ಹಿಡಿ ಮೊದ್ಲು!"

ಎಂಜಿನಿಯರಿಂಗ್ ಓದುವಾಗ ಪರೀಕ್ಷೆಗೆ ಬರೆದು ಮರೆತದ್ದು ಅವತ್ತು ಕೈಗೆ ಸಿಕ್ಕಿತು. ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸಲು ಸ್ಪಾರ್ಕ್ ಪ್ಲಗ್ ಇರುತ್ತದೆ. ಡೀಸೆಲ್‌ನಲ್ಲಿ ಕಿಡಿಯೇ ಇಲ್ಲ. ಸಿಲಿಂಡರ್ ಒಳಗಿನ ಗಾಳಿಯನ್ನು ಅದರ ಗಾತ್ರದ ಇಪ್ಪತ್ತನೇ ಒಂದು ಭಾಗಕ್ಕಿಂತಲೂ ಚಿಕ್ಕದಾಗಿ ಅಮುಕಿದಾಗ ಅದು 500 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ. ಆ ಬಿಸಿ ಗಾಳಿಗೆ ಡೀಸೆಲ್ ಚಿಮ್ಮಿಸಿದರೆ ತಾನಾಗಿಯೇ ಉರಿಯುತ್ತದೆ. ಸೈಕಲ್ ಪಂಪಿನ ತುದಿ ಮುಟ್ಟಿ ನೋಡಿದರೆ ಬಿಸಿ ಇರುತ್ತದಲ್ಲ, ಅದೇ ತತ್ವ. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರ್ 1897ರಲ್ಲಿ ಓಡಿಸಿ ತೋರಿಸಿದ್ದು ಇದನ್ನೇ. ಎಂಜಿನ್ನಿಗೂ ಎಣ್ಣೆಗೂ ಅವನ ಹೆಸರೇ ಉಳಿಯಿತು.

ಆದರೆ ಎಂಜಿನ್ ತಣ್ಣಗಿದ್ದಾಗ ಸುತ್ತಲಿನ ಕಬ್ಬಿಣವೇ ಆ ಬಿಸಿಯನ್ನು ಹೀರಿಕೊಂಡುಬಿಡುತ್ತದೆ. ನಮ್ಮ ಜೀಪಿನಂಥ ಹಳೇ ಎಂಜಿನ್‌ಗಳಲ್ಲಿ ಡೀಸೆಲ್ ಮೊದಲು ಒಂದು ಪುಟ್ಟ ಕೋಣೆಗೆ ಚಿಮ್ಮುತ್ತದೆ, ಅಲ್ಲಿ ಬಿಸಿ ಸೋರಿಹೋಗುವುದು ಇನ್ನೂ ಹೆಚ್ಚು. ಪಿಸ್ಟನ್ ರಿಂಗ್ ಸವೆದಿದ್ದರೆ ಅಮುಕಿದ ಗಾಳಿಯೂ ಸ್ವಲ್ಪ ಜಾರಿಕೊಳ್ಳುತ್ತದೆ. ಅದಕ್ಕೇ ಪ್ರತಿ ಸಿಲಿಂಡರಿಗೆ ಒಂದೊಂದು ಗ್ಲೋ ಪ್ಲಗ್. ಊರಿನ ಭಾಷೆಯಲ್ಲಿ ಹೀಟರ್. ಬಟನ್ ಹಿಡಿದರೆ ಬ್ಯಾಟರಿಯ ಕರೆಂಟಿನಿಂದ ನಾಲ್ಕೂ ಪ್ಲಗ್ಗುಗಳ ತುದಿ ಕೆಂಡದಂತೆ ಕೆಂಪಾಗುತ್ತದೆ. ಅದಕ್ಕೆ ಸಮಯ ಬೇಕು. ನಮ್ಮ ಜೀಪಿಗೆ ಇಪ್ಪತ್ತೈದು ಎಣಿಸುವಷ್ಟು.

ಎಣಿಸಿದೆ. ಕೀ ತಿರುಗಿಸಿದೆ. ಎರಡನೇ ಸುತ್ತಿಗೇ ಹಿಡಿಯಿತು.

ಮೊದಲು ಒಂದಿಷ್ಟು ಬಿಳಿ ಹೊಗೆ, ಟಕಟಕ ಅನ್ನುವ ಒರಟು ಸದ್ದು. ಒಂದೆರಡು ನಿಮಿಷ ಬಿಟ್ಟರೆ ಸದ್ದು ದುಂಡಗಾಗುತ್ತದೆ, ಹೊಗೆ ನಿಲ್ಲುತ್ತದೆ. ಹೊಗೆಯ ಬಣ್ಣವನ್ನು ಓದುವುದೂ ಅವತ್ತೇ ಕಲಿತೆ. ಸ್ಟಾರ್ಟ್ ಮಾಡುವಾಗ ಬಿಳಿ ಬಂದರೆ ಡೀಸೆಲ್ ಉರಿಯದೆ ಹೊರಗೆ ಬರುತ್ತಿದೆ ಎಂದರ್ಥ. ಕಪ್ಪಾದರೆ ಡೀಸೆಲ್ ಜಾಸ್ತಿ, ಗಾಳಿ ಕಡಿಮೆ, ಏರ್ ಫಿಲ್ಟರ್ ನೋಡಬೇಕು. ನೀಲಿಯಾದರೆ ಎಂಜಿನ್ ಆಯಿಲ್ಲೇ ಉರಿಯುತ್ತಿದೆ, ಖರ್ಚಿಗೆ ರೆಡಿಯಾಗಬೇಕು.

ಅಮ್ಮ ಅಡುಗೆಮನೆಯ ಕಿಟಕಿಯಿಂದಲೇ ಹೇಳಿದಳು. "ಇವತ್ತು ಬೇಗ ಹಿಡೀತು. ಚಳಿಗಾಲಕ್ಕೆ ಮೂವತ್ತೈದು ಬೇಕು." ಆ ಮಾತನ್ನು ನಾನು ಅವತ್ತು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ.

ಎರಡನೇ ಪಾಠ: ನಿಲ್ಲಿಸುವುದು

ಸುತ್ತಾಡಿಸಿ ಬಂದು ಕೀ ಆಫ್ ಮಾಡಿದೆ. ಎಂಜಿನ್ ನಿಲ್ಲಲಿಲ್ಲ. ಕೀ ಹೊರಗೆ ತೆಗೆದೆ. ಆಗಲೂ ಓಡುತ್ತಲೇ ಇತ್ತು. ಗಾಬರಿಯಾಗಿ ಅಪ್ಪಯ್ಯನ ಕಡೆ ನೋಡಿದರೆ ಅವರು ನಗುತ್ತಿದ್ದರು. ಆಪರೇಷನ್ ಆದ ಮೇಲೆ ಅವರು ಅಷ್ಟು ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಹಳೇ ಡೀಸೆಲ್ ಎಂಜಿನ್ನಿಗೆ ಒಮ್ಮೆ ಸ್ಟಾರ್ಟ್ ಆದಮೇಲೆ ಓಡುತ್ತಿರಲು ಕರೆಂಟೇ ಬೇಡ. ಡೀಸೆಲ್ ಪಂಪ್ ಎಂಜಿನ್ನಿನ ಶಕ್ತಿಯಿಂದಲೇ ತಿರುಗುತ್ತದೆ. ನಿಲ್ಲಿಸಬೇಕು ಅಂದರೆ ಡೀಸೆಲ್ ಬರುವುದನ್ನೇ ತಡೆಯಬೇಕು. ಅದಕ್ಕೆ ಡ್ಯಾಶ್‌ಬೋರ್ಡಿನ ಕೆಳಗೆ ಒಂದು ಕಪ್ಪು ನಾಬ್ ಇದೆ. ಎಳೆದರೆ ಎಂಜಿನ್ ಒಮ್ಮೆ ನಡುಗಿ ನಿಲ್ಲುತ್ತದೆ. ಎಳೆದದ್ದನ್ನು ವಾಪಸ್ ಒಳಗೆ ತಳ್ಳಲು ಮರೆತರೆ ಮಾರನೇ ದಿನ ಎಷ್ಟು ಎಣಿಸಿದರೂ ಸ್ಟಾರ್ಟ್ ಆಗಲ್ಲ. ಅದನ್ನೂ ಮರೆತು ಕಲಿತೆ.

ಆ ಪಂಪಿನ ಮೈಮೇಲೆ ಎಣ್ಣೆಜಿಡ್ಡು ಒರೆಸಿದರೆ "ಮೈಕೋ" ಅನ್ನುವ ಅಕ್ಷರಗಳು ಕಾಣುತ್ತವೆ. 1951ರಲ್ಲಿ ಶುರುವಾಗಿ, ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ಕಟ್ಟಿದ ಕಂಪನಿ. 2008ರಲ್ಲಿ ಬಾಷ್ ಎಂದು ಹೆಸರು ಬದಲಾಯಿತು. ಮೈಕೋ ಲೇಔಟ್ ಅನ್ನುವ ಹೆಸರು ಬಂದದ್ದೂ ಅದರಿಂದಲೇ. ನಾನು ದಿನಾ ಆಫೀಸಿಗೆ ಹೋಗುವಾಗ ನಿಲ್ಲುವುದು ಆಡುಗೋಡಿ ಸಿಗ್ನಲ್ಲಿನಲ್ಲಿ. ನಮ್ಮ ಕಾಡಿನ ನಡುವಿನ ಜೀಪಿನ ಎದೆಗೂ ಆ ಸಿಗ್ನಲ್ಲಿಗೂ ಸಂಬಂಧ ಇದೆ ಅಂತ ಗೊತ್ತೇ ಇರಲಿಲ್ಲ.

ಮೂರನೇ ಪಾಠ: ಕೊಡಚಾದ್ರಿಯ ಜೀಪಿನಲ್ಲಿ

ಗೇರ್ ಲಿವರ್ ಪಕ್ಕದಲ್ಲಿ ಇನ್ನೂ ಎರಡು ಚಿಕ್ಕ ಲಿವರ್ ಇವೆ. ಒಂದು ಮುಂದಿನ ಚಕ್ರಗಳಿಗೂ ಶಕ್ತಿ ಕೊಡಲು, ಇನ್ನೊಂದು ಲೋ ರೇಂಜಿಗೆ. ಅಪ್ಪಯ್ಯ ಬಾಯಲ್ಲಿ ಹೇಳಿದ್ದು ತಲೆಗೆ ಹೋಗಲಿಲ್ಲ. ಹೋಗಲಿ ಅಂತ ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು, ಬಾಡಿಗೆ ಜೀಪಿನಲ್ಲಿ ಕೊಡಚಾದ್ರಿಗೆ ಹೋದೆ.

ಕೊಡಚಾದ್ರಿ 1343 ಮೀಟರ್ ಎತ್ತರ. ಕೊಲ್ಲೂರಿನಿಂದಲೂ ನಿಟ್ಟೂರಿನಿಂದಲೂ ಜೀಪುಗಳು ಭಕ್ತರನ್ನೂ ಟೂರಿಸ್ಟುಗಳನ್ನೂ ತುಂಬಿಕೊಂಡು ಮೂಲ ಮೂಕಾಂಬಿಕೆ ದೇವಸ್ಥಾನದ ತನಕ ಹತ್ತುತ್ತವೆ. ಅಲ್ಲಿಂದ ಸರ್ವಜ್ಞ ಪೀಠಕ್ಕೆ ನಡೆಯಬೇಕು. ಕಟ್ಟಿನಹೊಳೆ ದಾಟಿದ ಮೇಲಿನದ್ದನ್ನು ರಸ್ತೆ ಅಂತ ಕರೆಯುವುದು ಉತ್ಪ್ರೇಕ್ಷೆ. ಕಲ್ಲು, ಗುಂಡಿ, ತಿರುವು, ಮತ್ತೆ ಕಲ್ಲು. ಜೊತೆಗಿದ್ದವರೆಲ್ಲ ಹೊರಗಿನ ಶೋಲಾ ಕಾಡು ನೋಡಿ ವಿಡಿಯೋ ಮಾಡುತ್ತಿದ್ದರು. ನಾನು ಮಾತ್ರ ಮುಂದಿನ ಸೀಟಿನಲ್ಲಿ ಕೂತು ಡ್ರೈವರಣ್ಣನ ಕಾಲು ನೋಡುತ್ತಿದ್ದೆ.

ಆತ ಎಕ್ಸಿಲೇಟರ್ ತುಳಿಯುತ್ತಲೇ ಇರಲಿಲ್ಲ. ಲೋ ರೇಂಜಿಗೆ ಹಾಕಿದರೆ ಚಕ್ರದ ವೇಗ ಸುಮಾರು ಎರಡೂವರೆ ಪಟ್ಟು ಕಡಿಮೆಯಾಗುತ್ತದೆ, ಎಳೆಯುವ ಬಲ ಅಷ್ಟೇ ಹೆಚ್ಚುತ್ತದೆ. ಜೀಪು ಎತ್ತಿನಗಾಡಿಯ ಹಾಗೆ ಕಲ್ಲಿನ ಮೇಲೆ ಹತ್ತಿ ಇಳಿಯುತ್ತಿತ್ತು. ಇಳಿಯುವಾಗಲೂ ಅಷ್ಟೆ, ಲೋ ಫಸ್ಟ್ ಗೇರು, ಬ್ರೇಕ್ ಹೆಚ್ಚೂಕಡಿಮೆ ಮುಟ್ಟಲೇ ಇಲ್ಲ.

"ಕ್ಲಚ್ ತುಳಿದ್ರೆ ಏನಾಗ್ತದೆ?" ಕೇಳಿದೆ.

"ಎಂತ ಆಗ್ತದೆ? ಜೀಪು ಸ್ವತಂತ್ರ ಆಗ್ತದೆ" ಅಂದರು. ಪಕ್ಕದಲ್ಲಿ ಕಣಿವೆ ಇತ್ತು. ಅರ್ಥವಾಯಿತು.

ಕೆಳಗೆ ಬಂದು ಟಾರ್ ಸಿಕ್ಕ ತಕ್ಷಣ ಆತ ಮುಂದಿನ ಚಕ್ರದ ಲಿವರ್ ತೆಗೆದರು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಓಡಬೇಕು. ಈ ಹಳೇ ಜೀಪುಗಳಲ್ಲಿ ಆ ವ್ಯತ್ಯಾಸ ಸರಿದೂಗಿಸುವ ಸೆಂಟರ್ ಡಿಫರೆನ್ಷಿಯಲ್ ಇಲ್ಲ. ಮಣ್ಣಿನಲ್ಲಿ ಚಕ್ರ ಸ್ವಲ್ಪ ಜಾರಿ ಸರಿಹೋಗುತ್ತದೆ, ಒಣಗಿದ ಟಾರಿನಲ್ಲಿ ಜಾರಲು ಆಗದೆ ಒಳಗಿನ ಗೇರುಗಳೇ ಹಿಂಸೆಪಡುತ್ತವೆ. "ಫೋರ್ ವೀಲ್ ಅಂದ್ರೆ ಕಷ್ಟಕಾಲಕ್ಕೆ, ಶೋಕಿಗಲ್ಲ" ಅಂದರು ಡ್ರೈವರಣ್ಣ. ಮನೆಗೆ ಬಂದು ಹೇಳಿದರೆ ಅಪ್ಪಯ್ಯ, "ನಾನು ಹೇಳಿದ್ದೂ ಅದನ್ನೇ ಅಲ್ವಾ" ಅಂದರು. ಅಲ್ಲವೆನ್ನಲು ಆಗಲಿಲ್ಲ.

ಆ ಜುಲೈ ಬೆಳಗು

ಈಗ ನನ್ನ ತಪ್ಪಿನ ವಿಷಯಕ್ಕೆ ಬರ್ತೀನಿ.

ಜುಲೈ ಎರಡನೇ ವಾರ. ಮೂರು ದಿನದಿಂದ ಬಿಡದ ಮಳೆ, ಕರೆಂಟ್ ಇಲ್ಲ. ರಾತ್ರಿ ಒಂದು ರಿಲೀಸ್ ಇತ್ತು, ಕಾಲ್ ಬಿಡುವ ಹಾಗಿರಲಿಲ್ಲ. ಮನೆಯ ಯುಪಿಎಸ್ ಖಾಲಿಯಾಗಿತ್ತು. ನಾನು ಜಾಣತನ ಮಾಡಿ ಚಿಕ್ಕದೊಂದು ಇನ್ವರ್ಟರನ್ನು ಜೀಪಿನ ಬ್ಯಾಟರಿಗೆ ಸಿಕ್ಕಿಸಿ ಶೆಡ್ಡಿನಲ್ಲೇ ಕೂತು ಕೆಲಸ ಮಾಡಿದೆ. ರೂಟರ್, ಲ್ಯಾಪ್‌ಟಾಪ್, ಒಂದು ಲೈಟು. ಮೂರು ತಾಸು. ರಿಲೀಸ್ ಚೆನ್ನಾಗಿ ಆಯಿತು. ಟೀಮ್ ಗ್ರೂಪಿನಲ್ಲಿ ಚಪ್ಪಾಳೆ ಬಂತು.

ಇನ್ನೊಂದು ತಪ್ಪು ಸಂಜೆಯೇ ಆಗಿತ್ತು. ನಮ್ಮ ಶೆಡ್ ಅಂಗಳದ ಮೇಲ್ಬದಿಗಿದೆ, ಅಂಗಳ ಗೇಟಿನ ಕಡೆಗೆ ಇಳಿಜಾರು. ಅಪ್ಪಯ್ಯ ಯಾವಾಗಲೂ ಜೀಪನ್ನು ರಿವರ್ಸಿನಲ್ಲಿ ಶೆಡ್ಡಿಗೆ ತಂದು, ಮುಖ ಇಳಿಜಾರಿನ ಕಡೆ ಇಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸುತ್ತಿದ್ದರು. ಮಲೆನಾಡಿನಲ್ಲಿ ಬಹಳ ಜನ ಹಾಗೇ ಮಾಡುವುದು. ಬ್ಯಾಟರಿ ಕೈಕೊಟ್ಟರೆ ಇಳಿಜಾರೇ ಸ್ಟಾರ್ಟರ್. ನಾನು ಅವತ್ತು ಮಳೆಯಲ್ಲಿ ಅವಸರಕ್ಕೆ ಮುಖ ಒಳಗೆ ಮಾಡಿ ನುಗ್ಗಿಸಿದ್ದೆ.

ಬೆಳಗಿನ ಐದೂವರೆಗೆ ಅಮ್ಮ ಎಬ್ಬಿಸಿದಳು. ಅಪ್ಪಯ್ಯನಿಗೆ ಎದೆ ಹಿಡಿದ ಹಾಗೆ ಆಗುತ್ತಿತ್ತು, ಬೆವರು. ಡಾಕ್ಟರ್ ಹೇಳಿಕೊಟ್ಟಿದ್ದ ನಾಲಿಗೆ ಕೆಳಗಿನ ಮಾತ್ರೆ ಆಗಲೇ ಕೊಟ್ಟಿದ್ದಳು. 108ಕ್ಕೆ ಫೋನ್ ಮಾಡಿದೆವು. ಟಾರ್ ರಸ್ತೆಯ ತನಕ ಆಂಬುಲೆನ್ಸ್ ಬರುತ್ತದೆ. ಅಲ್ಲಿಂದ ಈಚೆ ಮೂರು ಕಿಲೋಮೀಟರ್ ನಮ್ಮದೇ.

ಹೀಟರ್ ಹಿಡಿದೆ. ಇಪ್ಪತ್ತೈದು ಎಣಿಸಿದೆ. ಕೀ ತಿರುಗಿಸಿದರೆ "ಟಿಕ್".

ಮತ್ತೆ "ಟಿಕ್".

ಆ ಸದ್ದು ಇವತ್ತಿಗೂ ಕಿವಿಯಲ್ಲಿದೆ. ಅಪ್ಪಯ್ಯ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು. ಏನೂ ಹೇಳಲಿಲ್ಲ. ಹೇಳುವ ಸ್ಥಿತಿಯಲ್ಲಿ ಇರಲಿಲ್ಲ. ಟನ್ನಿಗಿಂತ ಹೆಚ್ಚು ತೂಕದ ಜೀಪನ್ನು ಆ ಕೆಸರಲ್ಲಿ ತಿರುಗಿಸಿ ಮುಖ ಇಳಿಜಾರಿಗೆ ಮಾಡುವುದು ಆಗದ ಮಾತು. ಪಕ್ಕದ ಮನೆಯವರನ್ನು ಕೂಗಿ ಕರೆಯಲು ಓಡುತ್ತಿದ್ದೆ.

"ರಿವರ್ಸಲ್ಲೇ ಬಿಡು" ಅಂದಳು ಅಮ್ಮ.

"ಏನು?"

"ಹಿಂದಕ್ಕೇ ಉರುಳಿಸಿ ರಿವರ್ಸ್ ಗೇರಲ್ಲಿ ಹಿಡಿಸು. ನೀನು ಎಸ್ಸೆಲ್ಸಿ ಇದ್ದ ವರ್ಷ ಇವರು ಹಾಗೇ ಮಾಡಿದ್ರು. ಮುಂದಿನ ಚಕ್ರದ ಲಿವರೂ ಹಾಕ್ಕೋ, ಇಲ್ಲಾಂದ್ರೆ ಕೆಸರಲ್ಲಿ ಚಕ್ರ ಜಾರ್ತದೆ, ಎಂಜಿನ್ ತಿರುಗಲ್ಲ. ಲೋ ಹಾಕ್ಬೇಡ."

ಇಪ್ಪತ್ತೈದು ವರ್ಷ ಎಡಗಡೆ ಸೀಟಿನಲ್ಲಿ ಕೂತವಳು. ಅವಳಿಗೆ ಎಲ್ಲವೂ ಗೊತ್ತಿತ್ತು. ನಾವ್ಯಾರೂ ಕೇಳಿರಲಿಲ್ಲ, ಅಷ್ಟೆ.

ಕೀ ಆನ್. ಸ್ಟಾಪ್ ನಾಬ್ ಒಳಗಿದೆಯಾ ನೋಡಿದೆ. ಮುಂದಿನ ಚಕ್ರದ ಲಿವರ್ ಹಾಕಿದೆ, ರಿವರ್ಸ್ ಗೇರು ಹಾಕಿ ಕ್ಲಚ್ ತುಳಿದು ಹಿಡಿದೆ. ಬ್ಯಾಟರಿಯಲ್ಲಿ ಉಳಿದಿದ್ದ ಅಲ್ಪಸ್ವಲ್ಪ ಜೀವವನ್ನು ಇನ್ನೊಮ್ಮೆ ಹೀಟರಿಗೆ ಕೊಟ್ಟೆ. ಅಮ್ಮ ಚಕ್ರದ ಕಲ್ಲು ತೆಗೆದಳು. ಜೀಪು ಹಿಂದಕ್ಕೆ ಉರುಳಿತು. ಅಂಗಳದ ಅರ್ಧಕ್ಕೆ ಕ್ಲಚ್ ಬಿಟ್ಟೆ. ಒಂದು ಜೋರು ಜರ್ಕ್, ಒಂದು ಕೆಮ್ಮು, ಅಂಗಳ ತುಂಬಾ ಬಿಳಿ ಹೊಗೆ. ಎಂಜಿನ್ ಎರಡು ಸಿಲಿಂಡರಿನಲ್ಲಿ ಕುಂಟಿತು, ಮೂರಕ್ಕೆ ಬಂತು, ನಾಲ್ಕಕ್ಕೆ ಬಂತು.

ಸಂಕದ ಹತ್ತಿರ ನೀರು ಮೇಲೆ ಹರಿಯುತ್ತಿತ್ತು. ಪಕ್ಕದ ಮನೆಯವರು ಕಂಬಳಿ ಕೊಪ್ಪೆ ಹಾಕಿಕೊಂಡು ಮೊದಲೇ ಓಡಿ ಬಂದಿದ್ದರು. ಕೋಲು ಹಿಡಿದು ಸಂಕದ ಮೇಲೆ ನಡೆದು ನೋಡಿ, ಮೊಣಕಾಲಿಗಿಂತ ಕೆಳಗೇ ಇದೆ, ಸೆಳೆತವೂ ಕಡಿಮೆ ಎಂದು ಕೈಬೀಸಿದರು. ಹಾಗೆ ನೋಡದೆ ಇಳಿಯಬಾರದು. ಎಂಜಿನ್ ಗಾಳಿ ಎಳೆಯುವ ಬಾಯಿಗೆ ನೀರು ಹೋದರೆ ಕಥೆ ಮುಗೀತು. ಗಾಳಿಯನ್ನು ಅಮುಕಬಹುದು, ನೀರನ್ನು ಅಮುಕಲಾಗದು, ಒಳಗಿನ ರಾಡೇ ಬಾಗುತ್ತದೆ. ಲೋ ಸೆಕೆಂಡಿನಲ್ಲಿ, ಒಂದೇ ವೇಗದಲ್ಲಿ, ಗೇರು ಬದಲಿಸದೆ ದಾಟಿದೆ. ಆಚೆ ಬಂದು ಬ್ರೇಕನ್ನು ಎರಡು ಮೂರು ಸಲ ಮೆಲ್ಲಗೆ ಒತ್ತಿದೆ. ನಾಲ್ಕೂ ಡ್ರಮ್ ಬ್ರೇಕು, ಒದ್ದೆಯಾದರೆ ಒಣಗುವ ತನಕ ಹಿಡಿಯುವುದಿಲ್ಲ. ಇದೂ ಅಮ್ಮನೇ ನೆನಪು ಮಾಡಿದ್ದು. ಹಿಂದಿನ ಸೀಟಿನಲ್ಲಿ ಅಪ್ಪಯ್ಯನ ತಲೆ ತೊಡೆಯ ಮೇಲೆ ಇಟ್ಟುಕೊಂಡು.

ಟಾರ್ ರಸ್ತೆಗೆ ನಾವು ಮುಟ್ಟಿ ಸ್ವಲ್ಪ ಹೊತ್ತಿಗೇ ಆಂಬುಲೆನ್ಸ್ ಬಂತು. ಅಪ್ಪಯ್ಯನೂ ಅಮ್ಮನೂ ಅದರಲ್ಲಿ. ನಾನು ಹಿಂದೆ ಜೀಪಿನಲ್ಲಿ. ಎಂಜಿನ್ ಆಫ್ ಮಾಡಲೇ ಇಲ್ಲ. ನಗರದ ಕೋಟೆ ಮಳೆಯಲ್ಲಿ ಮಸುಕಾಗಿ ಪಕ್ಕಕ್ಕೆ ಸರಿಯಿತು. ಚಿಕ್ಕವನಿದ್ದಾಗ ಪ್ರತಿ ಸಲ ಅಲ್ಲಿ ಜೀಪ್ ನಿಲ್ಲಿಸಿ ಎಂದು ಹಟ ಮಾಡುತ್ತಿದ್ದೆ. ಹೊಸನಗರದ ಆಸ್ಪತ್ರೆ ಮುಟ್ಟಿದ ಮೇಲೆ ಒಂದು ಇಳಿಜಾರು ಹುಡುಕಿ, ಮುಖ ಕೆಳಗೆ ಮಾಡಿ, ಚಕ್ರಕ್ಕೆ ಕಲ್ಲು ಕೊಟ್ಟು, ಆಮೇಲೆ ನಾಬ್ ಎಳೆದೆ.

ಇಸಿಜಿ ಮಾಡಿದರು. ಅಲ್ಲಿಂದ ಶಿವಮೊಗ್ಗಕ್ಕೆ ಕಳಿಸಿದರು. ಎರಡು ದಿನ ಇಟ್ಟುಕೊಂಡು ನೋಡಿ, ಹಾರ್ಟ್ ಅಟ್ಯಾಕ್ ಅಲ್ಲ ಎಂದು ಹೇಳಿ, ಔಷಧಿ ಬದಲಿಸಿ ಕಳಿಸಿದರು. "ಹೀಗಾದಾಗ ಕಾಯದೆ ಬಂದದ್ದು ಒಳ್ಳೇದಾಯ್ತು" ಅಂದರು ಡಾಕ್ಟರ್. ನಾವು ಎಷ್ಟು ಕಾದಿದ್ದೆವು, ಯಾರಿಂದ ಕಾದಿದ್ದೆವು ಅನ್ನುವುದನ್ನು ನಾನು ಹೇಳಲಿಲ್ಲ.

ಯಾರಿಗೆ ಕಲಿಸಬೇಕಿತ್ತು?

ಮನೆಗೆ ಬಂದ ಮೇಲೆ ಕಾಲೇಜಿನ ದಿನಗಳ ಮಲ್ಟಿಮೀಟರ್ ಹುಡುಕಿ ತೆಗೆದೆ. ಗ್ಲೋ ಪ್ಲಗ್ಗಿನ ವೈರ್ ಬಿಚ್ಚಿ, ತುದಿಗೂ ಎಂಜಿನ್ ಮೈಗೂ ಅಳೆದರೆ ಸರಿಯಿರುವ ಪ್ಲಗ್ ಒಂದು ಓಮಿನ ಆಸುಪಾಸು ಇಲ್ಲವೇ ಅದಕ್ಕಿಂತ ಕಡಿಮೆ ತೋರಿಸಬೇಕು. ನಾಲ್ಕರಲ್ಲಿ ಎರಡು ಪೂರ್ತಿ ಸತ್ತಿದ್ದವು. ಎಷ್ಟೋ ವರ್ಷದಿಂದ ಬದಲಿಸಿರಲಿಲ್ಲ. ಬ್ಯಾಟರಿ ಟರ್ಮಿನಲ್ ಮೇಲೆ ಹಸಿರು ಹಿಟ್ಟು ಬೆಳೆದಿತ್ತು. ಹೊಸ ಪ್ಲಗ್ ಹಾಕಿ, ಟರ್ಮಿನಲ್ ಉಜ್ಜಿ, ಡೀಸೆಲ್ ಫಿಲ್ಟರ್ ಕೆಳಗೆ ಕೂತಿದ್ದ ನೀರು ಬಿಟ್ಟ ಮೇಲೆ ಹನ್ನೆರಡು ಎಣಿಸಿದರೇ ಸಾಕಾಗುತ್ತಿತ್ತು. ಅಮ್ಮ ಮಾತ್ರ ಇಪ್ಪತ್ತೈದೇ ಎಣಿಸು ಅಂತಾಳೆ.

ಆಗಸ್ಟ್‌ನಲ್ಲಿ ಆಫೀಸಿನಿಂದ ವಾಪಸ್ ಬರಲು ಮೇಲ್ ಬಂತು. ಅಲ್ಲಿಗೆ ಪ್ರಶ್ನೆ ಶುರುವಾಯಿತು. ಎರಡು ತಿಂಗಳು ನಾನು ಜೀಪ್ ಕಲಿತೆ, ಸರಿ. ನಾನು ಹೊರಟ ಮೇಲೆ ಅದನ್ನು ಸ್ಟಾರ್ಟ್ ಮಾಡುವವರು ಯಾರು?

ಅಮ್ಮನನ್ನು ಕೇಳಿದೆ. "ನನಗೆಂತಕ್ಕೆ ಈಗ" ಅಂದಳು. ಅಪ್ಪಯ್ಯ ಸುಮ್ಮನಿದ್ದರು. ಅಮ್ಮ ಮಾರನೇ ದಿನ ಬೆಳಿಗ್ಗೆ ಒಂದು ದಿಂಬು ತಗೊಂಡು ಬಂದು ಡ್ರೈವರ್ ಸೀಟಿನ ಬೆನ್ನಿಗೆ ಇಟ್ಟಳು. ಕಾಲಿಗೆ ಕ್ಲಚ್ ಎಟುಕುತ್ತಾ ನೋಡಿದಳು. ಎಟುಕಿತು.

ಐವತ್ತನಾಲ್ಕನೇ ವಯಸ್ಸಿಗೆ ಎಲ್‌ಎಲ್‌ಆರ್ ಪರೀಕ್ಷೆ ಬರೆದಳು. ಅವಳಿಗೆ ಕಲಿಸಬೇಕಾದ್ದು ಕಡಿಮೆ ಇತ್ತು. ಸದ್ದು ಗೊತ್ತಿತ್ತು, ಕ್ರಮ ಗೊತ್ತಿತ್ತು, ಯಾವ ತಿರುವಿಗೆ ಯಾವ ಗೇರು ಅನ್ನುವುದೂ ಗೊತ್ತಿತ್ತು. ಕೈಕಾಲಿಗೆ ಮಾತ್ರ ಅಭ್ಯಾಸ ಇರಲಿಲ್ಲ. ಅಪ್ಪಯ್ಯ ಎಡಗಡೆ ಸೀಟಿನಲ್ಲಿ ಕೂತರು. ಮೊದಲ ವಾರ ಬ್ರೇಕ್ ಇಲ್ಲದ ಕಡೆ ಸುಮ್ಮನೆ ಕಾಲು ಒತ್ತುತ್ತಿದ್ದರು. ಎರಡನೇ ವಾರ ಒತ್ತುವುದು ಬಿಟ್ಟರು.

ಶೆಡ್ಡಿನ ಗೋಡೆಗೆ ಒಂದು ಹಾಳೆ ಅಂಟಿಸಿ ಬಂದೆ. ಅಮ್ಮನಿಗೆ ಬೇಕಿರಲಿಲ್ಲ, ನನ್ನ ಸಮಾಧಾನಕ್ಕೆ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಹಳೇ ಡೀಸೆಲ್ ಜೀಪಿದ್ದರೆ ಉಪಯೋಗವಾದೀತು:

1. ಸ್ಟಾರ್ಟ್ ಮಾಡುವ ಮೊದಲು ಎಂಜಿನ್ ಆಯಿಲ್, ರೇಡಿಯೇಟರ್ ನೀರು, ಬ್ಯಾಟರಿ ಟರ್ಮಿನಲ್ ನೋಡಿ.
2. ಗೇರು ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಹಾಕಿದೆ, ಸ್ಟಾಪ್ ನಾಬ್ ಪೂರ್ತಿ ಒಳಗಿದೆ.
3. ಹೀಟರ್ ಹಿಡಿದು ಇಪ್ಪತ್ತೈದು ಎಣಿಸಿ. ಚಳಿಗಾಲದಲ್ಲಿ ಮೂವತ್ತೈದು.
4. ಸ್ಟಾರ್ಟರ್ ಹತ್ತು ಸೆಕೆಂಡಿಗಿಂತ ಹೆಚ್ಚು ತಿರುಗಿಸಬೇಡಿ. ಹಿಡಿಯದಿದ್ದರೆ ಅರ್ಧ ನಿಮಿಷ ಬಿಟ್ಟು ಮತ್ತೆ ಹೀಟರಿನಿಂದ ಶುರುಮಾಡಿ.
5. ಹಿಡಿದ ತಕ್ಷಣ ರೇಸ್ ಮಾಡಬೇಡಿ. ಆಯಿಲ್ ಪ್ರೆಷರ್ ಮುಳ್ಳು ಏರಲಿ, ಸದ್ದು ದುಂಡಗಾಗಲಿ.
6. ಡೀಸೆಲ್ ಖಾಲಿಯಾಗಲು ಬಿಡಬೇಡಿ. ಪೈಪಿಗೆ ಗಾಳಿ ಹೊಕ್ಕರೆ ಡೀಸೆಲ್ ತುಂಬಿದರೂ ಸ್ಟಾರ್ಟ್ ಆಗಲ್ಲ. ಫಿಲ್ಟರಿನ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತಿ, ಗುಳ್ಳೆ ಬರುವುದು ನಿಲ್ಲುವ ತನಕ ಗಾಳಿ ತೆಗೆಯಬೇಕು.
7. ಜೀಪ್ ನಿಂತಿರುವಾಗಲೇ ಲೋ ರೇಂಜ್ ಹಾಕಿ. ಟಾರ್ ಸಿಕ್ಕರೆ ಮುಂದಿನ ಚಕ್ರ ಬಿಡಿಸಿ.
8. ಮುಖ ಇಳಿಜಾರಿಗೆ. ಚಕ್ರಕ್ಕೆ ಕಲ್ಲು.
9. ಜೀಪಿನ ಬ್ಯಾಟರಿ ಜೀಪಿಗೆ ಮಾತ್ರ.

ಒಂಬತ್ತನೆಯದನ್ನು ಅಮ್ಮ ಕೆಂಪು ಪೆನ್ನಿನಲ್ಲಿ ಗೀಟು ಹಾಕಿದ್ದಾಳೆ.

ಗೆಳೆಯನಿಗೆ ಜೀಪ್ ಮಾರುವುದಿಲ್ಲ ಅಂತ ಹೇಳಿದೆ. ಶಾಶ್ವತವಾಗಿ ಅಂತಲ್ಲ. ಐದು ವರ್ಷಕ್ಕೊಮ್ಮೆ ರಿಜಿಸ್ಟ್ರೇಷನ್ ನವೀಕರಿಸಬೇಕು, ಅದಕ್ಕೆ ಫಿಟ್‌ನೆಸ್ ಪಾಸಾಗಬೇಕು, ಒಂದಲ್ಲ ಒಂದು ದಿನ ಆಗುವುದಿಲ್ಲ. ಅಷ್ಟರೊಳಗೆ ಆ ಮೂರು ಕಿಲೋಮೀಟರಿಗೆ ರಸ್ತೆ ಬಂದರೆ ಬರಲಿ.

ಈಗ ಭಾನುವಾರ ಬೆಳಿಗ್ಗೆ ಏಳಕ್ಕೆ ಅಮ್ಮ ಫೋನ್ ಮಾಡುತ್ತಾಳೆ. ವಾರಕ್ಕೊಮ್ಮೆಯಾದರೂ ಸ್ಟಾರ್ಟ್ ಮಾಡಬೇಕು ಅನ್ನುವುದು ನಮ್ಮ ಒಪ್ಪಂದ. ಫೋನನ್ನು ಡ್ಯಾಶ್‌ಬೋರ್ಡ್ ಮೇಲೆ ಇಡುತ್ತಾಳೆ. ನಾನು ಹಾಸಿಗೆಯಲ್ಲಿ ಮಲಗಿಕೊಂಡೇ ಕೇಳುತ್ತೇನೆ. ಅವಳು ಅಡಿಕೆ ಎಣಿಸುವ ಹಾಗೆ ನಿಧಾನಕ್ಕೆ ಎಣಿಸುತ್ತಾಳೆ. ಆಮೇಲೆ ಗರ್ರ್ ಅನ್ನುವ ಸದ್ದು, ಒಂದು ಕೆಮ್ಮು, ಟಕಟಕ.

"ಹೊಗೆ ಎಂತ ಬಣ್ಣ?" ಕೇಳುತ್ತೇನೆ.

"ಬಿಳಿ. ನಿಲ್ತಾ ಬಂತು" ಅನ್ನುತ್ತಾಳೆ. "ಇವರು ಹತ್ತಿ ಕೂತಾಯ್ತು. ಸಂತೆಗೆ ಹೋಗ್ಬೇಕು, ಫೋನ್ ಇಡ್ತೇನೆ."